ಹಳೇ ಪಿಸಿ, ಕಪ್ಪಾಗುವ ಸ್ಕ್ರೀನು, ಸೂಪರ್ ಮಾರ್ಕೆಟ್‌ನ ರಿಪೇರಿ ಭಾಯ್

ಅರ್ಜೆಂಟ್ ಇದ್ದವರು ಈ ಅಂಗಡಿಗೆ ಹೋಗಬೇಡಿ. ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಕೂರಲು ಇರುವುದು ಒಂದೇ ಸ್ಟೂಲು, ಅದರ ಮೇಲೂ ಯಾರದೋ ಪ್ರಿಂಟರ್ ಕೂತಿರುತ್ತದೆ. ಇಷ್ಟೆಲ್ಲ ಇದ್ದರೂ, ಕಲಬುರಗಿಯಲ್ಲಿ ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡು ಒದ್ದಾಡುತ್ತಿರುವವರು ಕೇಳಿದರೆ ನಾನು ಈ ಅಂಗಡಿಯನ್ನೇ ತೋರಿಸುತ್ತೇನೆ.

ಹೆಸರು ಮಾತ್ರ ಬರೆಯುತ್ತಿಲ್ಲ. ಅವರೇ ಬೇಡ ಅಂದರು. "ಹೆಸರು ಹಾಕಬ್ಯಾಡ್ರಿ ಅಕ್ಕಾ, ಊರಾಗಿನ ಸತ್ತ ಪಿಸಿ ಎಲ್ಲಾ ಹೊತ್ಕೊಂಡು ಬರ್ತಾರ. ಇಡ್ಲಿಕ್ಕೆ ಜಾಗ ಎಲ್ಲದ?" ಮಾತು ಸುಳ್ಳಲ್ಲ. ಸೂಪರ್ ಮಾರ್ಕೆಟ್ ಕಡೆ ಒಂದು ಇಕ್ಕಟ್ಟಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಸಿಗುವ ಸಣ್ಣ ಕೋಣೆ ಅದು. ಗೋಡೆಗೆ ಒರಗಿಸಿ ಕ್ಯಾಬಿನೆಟ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಬೋರ್ಡು ಕೂಡ ಸರಿಯಾಗಿ ಕಾಣಿಸುವುದಿಲ್ಲ. ಆ ಸಾಲಿನಲ್ಲಿ ಯಾರನ್ನಾದರೂ "ಡೆಸ್ಕ್‌ಟಾಪ್ ನೋಡೋ ಭಾಯ್ ಎಲ್ರಿ" ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ.

ನನ್ನ ಕಥೆ ಹೇಳದೆ ಹೊಗಳಿದರೆ ನೀವು ನಂಬುವುದಿಲ್ಲ. ಶಹಾಬಜಾರ್ ಕಡೆ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಗೃಹಪ್ರವೇಶದ ಕಾರ್ಡು, ಜಾತ್ರೆ ಬಂದರೆ ಬ್ಯಾನರ್ ಡಿಸೈನು. ಮಷಿನ್ ಹಳೆಯದು. ಇಂಟೆಲ್ ಐ3-2120 ಪ್ರೊಸೆಸರ್, ಎಚ್61 ಮದರ್‌ಬೋರ್ಡು, 8 ಜಿಬಿ ರ‍್ಯಾಮ್. ಆಮೇಲೆ ಹಾಕಿಸಿದ ಎನ್ವಿಡಿಯಾ ಜಿಟಿ 710 ಗ್ರಾಫಿಕ್ಸ್ ಕಾರ್ಡು. ಗೇಮ್ ಆಡುವವರು ಈ ಕಾರ್ಡಿನ ಹೆಸರು ಕೇಳಿದರೆ ನಗುತ್ತಾರೆ. ನಗಲಿ. ನನಗೆ ಅದು ಬೇಕಿದ್ದದ್ದು ಎರಡನೇ ಮಾನಿಟರ್‌ಗೆ. ನನ್ನ ಬೋರ್ಡಿನಲ್ಲಿ ಇದ್ದದ್ದು ಒಂದೇ ವಿಜಿಎ ಕಿಂಡಿ.

ಡಿಟಿಪಿಯವರಿಗೆ ಎರಡನೇ ಮಾನಿಟರ್ ಯಾಕೆ ಅಂದರೆ, ಲಗ್ನಪತ್ರಿಕೆ ಮಾಡಿಸಲು ಒಬ್ಬರೇ ಬರುವುದಿಲ್ಲ. ಕುಟುಂಬವೇ ಬರುತ್ತದೆ. "ಸುಖಾಗಮನ ಬಯಸುವವರು" ಅನ್ನುವ ಜಾಗದಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನುವುದು ನನ್ನ ಅಂಗಡಿಯಲ್ಲೇ ತೀರ್ಮಾನ ಆಗಬೇಕು. ಎಲ್ಲರೂ ನನ್ನ ಹೆಗಲ ಮೇಲೆ ಬಗ್ಗಿ ನೋಡುವುದಕ್ಕಿಂತ ಎದುರಿಗೆ ಅವರಿಗೇ ಒಂದು ಸ್ಕ್ರೀನ್ ಇಟ್ಟರೆ ಅರ್ಧ ಜಗಳ ಕಡಿಮೆ.

ಹೊಸ ಕಂಪ್ಯೂಟರ್ ತೊಗೊಳ್ಳಬಾರದಾ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ನಾನು ಡಿಸೈನ್ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರ್ ಹಳೇ ಆವೃತ್ತಿ, ಒಮ್ಮೆ ದುಡ್ಡು ಕೊಟ್ಟು ತಂದದ್ದು. ಹೊಸದಕ್ಕೆ ಹೋದರೆ ಮತ್ತೆ ದುಡ್ಡು ಸುರಿಯಬೇಕು. ನುಡಿ ಫಾಂಟುಗಳಲ್ಲಿ ಮಾಡಿಟ್ಟ ನೂರಾರು ಪತ್ರಿಕೆಗಳ ಮಾದರಿ ಇದರಲ್ಲೇ ಇವೆ. ಅಕ್ಕನ ಮದುವೆಗೆ ಮಾಡಿಸಿದವರು ತಮ್ಮನ ಮದುವೆಗೂ "ಅದೇ ಡಿಸೈನ್ ಇರ್ಲಿ" ಅಂತ ಬರುತ್ತಾರೆ. ಮಷಿನ್ ನನ್ನ ಕೆಲಸಕ್ಕೆ ಸಾಕು. ನಡೆದರೆ.

ನಡೆಯುತ್ತಿರಲಿಲ್ಲ ಅನ್ನುವುದೇ ತೊಂದರೆ. ಮೊದಲು ಸ್ಕ್ರೀನಿನ ಮೇಲೆ ಸಣ್ಣ ಸಣ್ಣ ಹಸಿರು ಚುಕ್ಕಿ, ಅಡ್ಡ ಗೆರೆ. ಆಮೇಲೆ ಎರಡೂ ಮಾನಿಟರ್ ಒಟ್ಟಿಗೆ ಕಪ್ಪಾಗಿ ಒಂದೆರಡು ಸೆಕೆಂಡಿಗೆ ವಾಪಸ್ ಬರುತ್ತಿದ್ದವು. ಮೂಲೆಯಲ್ಲಿ ಡಿಸ್‌ಪ್ಲೇ ಡ್ರೈವರ್ (ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ನಿಂತುಹೋಗಿತ್ತು, ಈಗ ಸರಿಯಾಗಿದೆ ಅನ್ನುವ ಸಂದೇಶ. ಕೊನೆಗೆ ನೀಲಿ ಪರದೆ, ಅದರ ಮೇಲೆ "ವಿಡಿಯೊ ಟಿಡಿಆರ್ ಫೇಲ್ಯೂರ್". ಒಮ್ಮೆ ವರನ ಸೋದರಮಾವನ ಹೆಸರು ಟೈಪ್ ಮಾಡುತ್ತಿದ್ದಾಗಲೇ ಸ್ಕ್ರೀನ್ ಕಪ್ಪಾಯಿತು. ಆತ ಎದ್ದು ನಿಂತು ಇದು ಅಪಶಕುನ ಅಂದ. ಇನ್ನೊಂದು ಕಡೆಯವರು ಒಳಗೊಳಗೇ ಖುಷಿಪಟ್ಟ ಹಾಗೆ ಕಂಡಿತು.

ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ಮದುವೆ ಸೀಸನ್ನೂ ಹೌದು, 42 ಡಿಗ್ರಿ ದಾಟುವ ಬಿಸಿಲೂ ಹೌದು. ತೊಂದರೆ ಜಾಸ್ತಿಯಾದದ್ದು ಆಗಲೇ. ಅದರಲ್ಲೂ ಮಧ್ಯಾಹ್ನ. ಈಗ ಎಲ್ಲರಿಗೂ ವಾಟ್ಸಾಪ್‌ಗೆ ಹಾಕಲು ವಿಡಿಯೊ ಪತ್ರಿಕೆ ಬೇರೆ ಬೇಕು. ಆ ಕೆಲಸಕ್ಕೆ ಕೂತರೆ ಮಷಿನ್ ಗ್ಯಾರಂಟಿ ಮಲಗುತ್ತಿತ್ತು.

ಭಾಯ್ ಹತ್ತಿರ ಹೋಗುವ ಮುಂಚೆ ಒಂದು ದೊಡ್ಡ ಶೋರೂಮಿಗೆ ಕೊಟ್ಟಿದ್ದೆ. ಎಸಿ ಇತ್ತು, ಸೋಫಾ ಇತ್ತು, ಕುಡಿಯಲು ನೀರು ಕೊಟ್ಟರು. ವಿಂಡೋಸ್ ಹೊಸದಾಗಿ ಹಾಕಿ 600 ರೂಪಾಯಿ ತೊಗೊಂಡರು. ಒಂದು ವಾರವೂ ತಡೆಯಲಿಲ್ಲ. ತಿರುಗಿ ಒಯ್ದರೆ ಕಾರ್ಡ್ ಹೋಗಿದೆ ಅಂದರು. ಸ್ವಲ್ಪ ಹೊತ್ತಿಗೆ ಬೋರ್ಡೂ ಹೋಗಿರಬಹುದು ಅಂದರು. ಆಮೇಲೆ 28,000 ರೂಪಾಯಿಯ ಹೊಸ ಅಸೆಂಬಲ್ ಸೆಟ್ಟಿನ ಕೊಟೇಶನ್ ಪ್ರಿಂಟ್ ತೆಗೆದು ಕೈಗಿಟ್ಟರು. ಕಾರ್ಡನ್ನು ಬಿಚ್ಚಿಯೂ ನೋಡಿರಲಿಲ್ಲ. ಅದು ಗೊತ್ತಾದದ್ದು ಆಮೇಲೆ, ಕಾರ್ಡಿನ ಮೇಲಿದ್ದ ಧೂಳು ನೋಡಿ.

ಭಾಯ್ ಮೊದಲು ಕ್ಯಾಬಿನೆಟ್ ಮುಟ್ಟಲೇ ಇಲ್ಲ. ಪ್ರಶ್ನೆ ಕೇಳಿದರು. ಯಾವ ಹೊತ್ತಿಗೆ ಆಗ್ತದ? ಯಾವ ಸಾಫ್ಟ್‌ವೇರ್ ತೆಗೆದಾಗ? ಸ್ಕ್ರೀನ್ ಹೋದಾಗ ಹಾಡಿನ ಸೌಂಡ್ ಬರ್ತಿರ್ತದೇನು? ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ಲೈಟ್ ಹತ್ತಿ ಆರ್ತದೇನು? ಈ ಕೊನೆಯ ಪ್ರಶ್ನೆ ನನಗೆ ಹೊಸದು. ಲೈಟ್ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಒಳಗೆ ಜೀವಂತ ಇದೆ, ಚಿತ್ರ ಮಾತ್ರ ಬರುತ್ತಿಲ್ಲ ಅಂತ ಅರ್ಥ. ಲೈಟ್ ಕೂಡ ಗಟ್ಟಿಯಾಗಿ ನಿಂತುಬಿಟ್ಟರೆ ಇಡೀ ಮಷಿನ್ನೇ ಸಿಕ್ಕಿಕೊಂಡಿದೆ.

ಆಮೇಲೆ ಕೇಳಿದ್ದು ನನಗೆ ಇನ್ನೂ ಹಿಡಿಸಿತು. "ಗೆರೆ ಬಂದಾಗ ಸ್ಕ್ರೀನ್‌ಶಾಟ್ ತೆಗೆದೀರೇನ್ರಿ?" ಗೆರೆ ಕಾಣಿಸುತ್ತಿರುವಾಗ ಪ್ರಿಂಟ್ ಸ್ಕ್ರೀನ್ ಒತ್ತಿ, ಪೇಂಟ್‌ನಲ್ಲಿ ಅಂಟಿಸಿ, ಆ ಚಿತ್ರವನ್ನು ಮೊಬೈಲಿಗೆ ಕಳಿಸಿ ನೋಡಬೇಕಂತೆ. ಮೊಬೈಲ್‌ನಲ್ಲೂ ಗೆರೆ ಕಂಡರೆ ತೊಂದರೆ ಕಂಪ್ಯೂಟರ್ ಒಳಗೆ, ಅಂದರೆ ಕಾರ್ಡು ಅಥವಾ ಡ್ರೈವರ್. ಮೊಬೈಲ್‌ನಲ್ಲಿ ಚಿತ್ರ ಸ್ವಚ್ಛ ಇದ್ದರೆ ಗೆರೆ ಹುಟ್ಟುತ್ತಿರುವುದು ಹೊರಗೆ: ಕೇಬಲ್, ಪಿನ್ನು, ಮಾನಿಟರ್. ಖರ್ಚಿಲ್ಲದ ಪರೀಕ್ಷೆ. ಆ ಶೋರೂಮಿನಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಅಲ್ಲೇ ಮಷಿನ್ ಹಚ್ಚಿ, ಗೆರೆ ಬರುವವರೆಗೆ ಕಾದು, ಸ್ಕ್ರೀನ್‌ಶಾಟ್ ತೆಗೆದರು. ನನ್ನ ಮೊಬೈಲ್‌ನಲ್ಲಿ ಹಸಿರು ಚುಕ್ಕಿ ಸ್ಪಷ್ಟ ಕಂಡವು. ಮಾನಿಟರ್ ಬಚಾವಾಯಿತು.

ಇನ್ನೊಂದು, ಮಷಿನ್ ಆನ್ ಮಾಡಿದ ಕೂಡಲೇ ಡಿಲೀಟ್ ಒತ್ತಿ ಬಯಾಸ್ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಸುಮ್ನೆ ಬಿಟ್ಟು ನೋಡಿದರು. ಅಲ್ಲಿ ವಿಂಡೋಸ್ ಇಲ್ಲ, ಡ್ರೈವರ್ ಇಲ್ಲ. ಅಲ್ಲೂ ಗೆರೆ ಬಂದರೆ ಕಾರ್ಡಿನ ಮೆಮೊರಿ ಚಿಪ್ಪೇ ಕೆಟ್ಟಿರುವ ಸಾಧ್ಯತೆ ಜಾಸ್ತಿ, ಆಗ ಕಾರ್ಡ್ ಬದಲಿಸದೆ ಬೇರೆ ದಾರಿ ಕಡಿಮೆ. ನನ್ನದರಲ್ಲಿ ಬಯಾಸ್ ಸ್ಕ್ರೀನ್ ಸ್ವಚ್ಛ ಇತ್ತು. "ನಿಮ್ಮ ಕಾರ್ಡ್ ಇನ್ನಾ ಸತ್ತಿಲ್ರಿ ಅಕ್ಕಾ. ಬಿಟ್ಟು ಹೋಗ್ರಿ" ಅಂದರು. ನೋಡುವ ಚಾರ್ಜು 300, ರಿಪೇರಿ ಆಗಲಿ ಬಿಡಲಿ. ಕೆಲವರಿಗೆ ಇದು ಸಿಟ್ಟು ತರಿಸುತ್ತದೆ. ನನಗೆ ಸರಿ ಅನ್ನಿಸಿತು. ನೋಡುವುದಕ್ಕೇ ದುಡ್ಡು ಸಿಕ್ಕರೆ ಸಾಮಾನು ಮಾರಿ ಲಾಭ ಮಾಡುವ ಆತುರ ಇರುವುದಿಲ್ಲ.

ತಡ ಯಾಕಾಗುತ್ತದೆ ಅನ್ನುವುದು ಇಲ್ಲಿಂದ ಶುರು. ಭಾಯ್ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾರೆ. ಮಾಡಿ, ಮಷಿನ್ ಓಡಲು ಬಿಟ್ಟು, ಬೇರೆಯವರ ಕೆಲಸ ನೋಡುತ್ತಾರೆ. ಫಲ ನೋಡಿ ಹಾಳೆಯಲ್ಲಿ ಬರೆಯುತ್ತಾರೆ. ನಾಲ್ಕು ಸಾಮಾನು ಒಟ್ಟಿಗೆ ಬದಲಿಸಿದರೆ ಮಷಿನ್ ಬೇಗ ಸರಿಹೋಗಬಹುದು. ಆದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ, ನಾಲ್ಕರ ದುಡ್ಡೂ ಗಿರಾಕಿಯದು.

ಮೊದಲು ವಿಂಡೋಸ್ ಬರೆದಿಟ್ಟಿದ್ದ ಕ್ರ್ಯಾಶ್ ಫೈಲುಗಳನ್ನು ಬ್ಲೂಸ್ಕ್ರೀನ್‌ವ್ಯೂ ಅನ್ನುವ ಚಿಕ್ಕ ಉಚಿತ ಸಾಫ್ಟ್‌ವೇರ್‌ನಲ್ಲಿ ತೆಗೆದು ನೋಡಿದರು. ಹೆಚ್ಚಿನವು 116ನೇ ನಂಬರಿನ ತಪ್ಪು, ಎನ್ವಿಡಿಯಾ ಡ್ರೈವರ್ ಫೈಲಿನ ಹೆಸರು. ಹಾಗಂತ ಡ್ರೈವರೇ ಕಳ್ಳ ಅಂತ ಅಲ್ಲ. ಟಿಡಿಆರ್ ಅನ್ನುವುದು ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿರುವ ಒಂದು ಕಾವಲು ವ್ಯವಸ್ಥೆ. ಕಾರ್ಡಿಗೆ ಕೆಲಸ ಕೊಟ್ಟು 2 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಕಾರ್ಡನ್ನು ರೀಸೆಟ್ ಮಾಡುತ್ತದೆ. ಕಪ್ಪಾಗಿ ವಾಪಸ್ ಬರುವುದು ಅದೇ. ರೀಸೆಟ್ ಕೂಡ ಆಗದಿದ್ದರೆ ನೀಲಿ ಪರದೆ. ಕಾರ್ಡ್ ಯಾಕೆ ಉತ್ತರ ಕೊಡಲಿಲ್ಲ ಅನ್ನುವುದನ್ನು ಅದು ಹೇಳುವುದಿಲ್ಲ. ಬಿಸಿಯಾಗಿರಬಹುದು, ಕರೆಂಟ್ ಸಾಲದೆ ಇರಬಹುದು, ಡ್ರೈವರ್ ಕೆಟ್ಟಿರಬಹುದು.

ಯೂಟ್ಯೂಬ್‌ನಲ್ಲಿ ಇದಕ್ಕೆ ಒಂದು ಉಪಾಯ ಹೇಳುತ್ತಾರೆ, ವಿಂಡೋಸ್‌ನ ಒಳಗಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಗೆ ಹೋಗಿ ಆ 2 ಸೆಕೆಂಡನ್ನು 8 ಅಥವಾ 10 ಮಾಡಿ ಅಂತ. ಅದನ್ನು ಮಾಡೋಣವಾ ಅಂತ ಕೇಳಿದೆ. ಭಾಯ್ ನಕ್ಕರು. "ಸಾಲ ಕೊಟ್ಟಾವ ಬಾಗಿಲಿಗೆ ಬಂದಾಗ ನಾಳಿ ಬಾ ಅಂದಂಗ್ರಿ ಅದು. ಸಾಲ ಎಲ್ಲಿ ತೀರ್ತು?"

ಕಾರ್ಡ್ ತೆಗೆದು, ಬೋರ್ಡಿನ ವಿಜಿಎ ಕಿಂಡಿಗೆ ಮಾನಿಟರ್ ಹಚ್ಚಿದರು. ಐ3-2120ರಲ್ಲಿ ಇಂಟೆಲ್‌ನ ಎಚ್‌ಡಿ 2000 ಗ್ರಾಫಿಕ್ಸ್ ಒಳಗೇ ಇದೆ. ಹಾಗೆ ಓಡಿಸಿದಾಗ ಒಂದೂ ಕ್ರ್ಯಾಶ್ ಇಲ್ಲ. ರಾತ್ರಿಯಿಡೀ ಮೆಮ್‌ಟೆಸ್ಟ್ ಹಾಕಿ ರ‍್ಯಾಮ್ ಪರೀಕ್ಷೆ ಮಾಡಿದರು, ಒಂದೂ ತಪ್ಪು ಬರಲಿಲ್ಲ. ಅದಕ್ಕೆ ಮುಂಚೆ ರ‍್ಯಾಮ್ ಕಡ್ಡಿಗಳ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದ್ದರು. ಇದು ನಮ್ಮೂರಿನ ಪ್ರತಿ ರಿಪೇರಿ ಅಂಗಡಿಯ ಮೊದಲ ಮಂತ್ರ. ಭಾಯ್ ಕೂಡ ಬಿಟ್ಟಿಲ್ಲ.

ಇನ್ನು ಕಾರ್ಡು. ನನ್ನ ಜಿಟಿ 710ಕ್ಕೆ ಫ್ಯಾನ್ ಇಲ್ಲ. ಬರೀ ಅಲ್ಯೂಮಿನಿಯಂ ಹೀಟ್‌ಸಿಂಕು. ಇದು ಬರೀ 19 ವಾಟ್ ತಿನ್ನುವ ಕಾರ್ಡು, ಗಾಳಿ ಆಡುವ ಜಾಗದಲ್ಲಿ ಫ್ಯಾನ್ ಇಲ್ಲದೆಯೂ ನಡೆಯುತ್ತದೆ. ಆದರೆ ನನ್ನ ಅಂಗಡಿ ರಸ್ತೆಗೇ ತೆರೆದಿದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿತ್ತು, ಕರಿಮಣ್ಣಿನ ಪುಡಿ ಮತ್ತು ಕಾಗದದ ಚೂರು ಸೇರಿ. ಸ್ಕ್ರೂಡ್ರೈವರ್ ತುದಿಯಿಂದ ಕೆದರಿದರೆ ತುಂಡು ತುಂಡಾಗಿ ಬಂತು. ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರಿತು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಬಿಸಿ ನೋಡಿದ್ದನ್ನು ಭಾಯ್ ಹಾಳೆಯಲ್ಲಿ ಬರೆದಿದ್ದರು: ಸುಮ್ನೆ ಇದ್ದಾಗ 71 ಡಿಗ್ರಿ, ವಿಡಿಯೊ ಕೆಲಸಕ್ಕೆ 94. ತೊಳೆದು, ಹೊಸ ಪೇಸ್ಟ್ ಹಚ್ಚಿ, ಕ್ಯಾಬಿನೆಟ್ ಪಕ್ಕದಿಂದ ಕಾರ್ಡಿಗೆ ಗಾಳಿ ಬೀಸುವ ಹಾಗೆ 150 ರೂಪಾಯಿಯ ಒಂದು ಫ್ಯಾನ್ ಕೂರಿಸಿದ ಮೇಲೆ 46 ಮತ್ತು 63. ಅದೇ ಕೋಣೆ, ಅದೇ ಬಿಸಿಲು.

ನಾನು ಕೇಳಿದ ಇನ್ನೊಂದು ವಿಷಯಕ್ಕೆ ಅವರು ಖಡಾಖಂಡಿತ ಇಲ್ಲ ಅಂದರು. ಕಾರ್ಡನ್ನು ಓವನ್‌ನಲ್ಲಿಟ್ಟು ಕಾಯಿಸಿದರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದ್ದರು. ಹೀಟ್ ಗನ್ ಹಿಡಿಯುವ ಅಂಗಡಿಗಳೂ ಇವೆ. "ಹಿಡೀತಾರ್ರಿ. ಕಾರ್ಡ್ ಎದ್ದು ಕೂಡ್ತದ, ಗಿರಾಕಿ ರೊಕ್ಕ ಕೊಡ್ತಾನ, ಸ್ವಲ್ಪ ದಿನಕ್ಕ ಮತ್ತ ಹೋಗ್ತದ. ನಾ ಮಾಡಂಗಿಲ್ಲ." ಚಿಪ್ಪಿನ ಒಳಗಿನ ಸಂಪರ್ಕ ಬಿಸಿಗೆ ಸ್ವಲ್ಪ ಕಾಲ ಕೂಡಿಕೊಳ್ಳುತ್ತದೆ, ಅಷ್ಟೇ. ಮೇಲಿಂದ ಅಡುಗೆ ಮಾಡುವ ಓವನ್‌ನಲ್ಲಿ ಪ್ಲಾಸ್ಟಿಕ್ ಹೊಗೆ ಬೇರೆ.

ಕಾರ್ಡ್ ವಾಪಸ್ ಹಾಕಿದ ಮೇಲೆ ಚುಕ್ಕಿ ನಿಂತವು. ಆದರೆ ಭಾರದ ಕೆಲಸಕ್ಕೆ ಮಷಿನ್ ಒಮ್ಮೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಇಲ್ಲಿಗೇ ನಿಲ್ಲಿಸಿ ಕೊಟ್ಟುಬಿಡಬಹುದಿತ್ತು. ಭಾಯ್ ಎಸ್‌ಎಂಪಿಎಸ್ ಕಡೆ, ಅಂದರೆ ಮಷಿನ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿಯ ಕಡೆ ತಿರುಗಿದರು. ಮಷಿನ್ ಓಡುತ್ತಿರುವಾಗಲೇ ಹಾರ್ಡ್ ಡಿಸ್ಕಿಗೆ ಹಚ್ಚುವ ಹಳೇ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ, ಹಳದಿ ಮತ್ತು ಕಪ್ಪು ವೈರಿನ ನಡುವೆ ಮಲ್ಟಿಮೀಟರ್ ಇಟ್ಟರು. ಅಲ್ಲಿ 12 ವೋಲ್ಟ್ ಇರಬೇಕು. ಶೇಕಡಾ 5 ಆಚೀಚೆ ಆಗಬಹುದು, ಅಂದರೆ 11.4ರಿಂದ 12.6ರವರೆಗೆ. ಸುಮ್ನೆ ಇದ್ದಾಗ 11.8 ಇತ್ತು. ವಿಡಿಯೊ ಕೆಲಸ ಹಚ್ಚಿದ ಕೂಡಲೇ 11.2ಕ್ಕೆ ಇಳಿಯಿತು. ಶೋರೂಮಿನವರೂ ಎಸ್‌ಎಂಪಿಎಸ್ ಚೆಕ್ ಮಾಡಿದ್ದೇವೆ ಅಂದಿದ್ದರು. ಫ್ಯಾನ್ ತಿರುಗುತ್ತದಾ ಅಂತ ನೋಡಿರಬೇಕು. ಭಾರ ಇಲ್ಲದೆ ಅಳೆದರೆ ಎಂಥ ಸಪ್ಲೈಯೂ ಪಾಸಾಗುತ್ತದೆ.

ಡಬ್ಬಿಯ ಮೇಲೆ 450 ವಾಟ್ ಅಂತ ದಪ್ಪ ಅಕ್ಷರದಲ್ಲಿತ್ತು. ಭಾಯ್ ಅದನ್ನು ಕೈಯಲ್ಲಿ ಹಿಡಿದು ತೂಗಿ ತೋರಿಸಿದರು, ಹಗುರ. ತೂತಿನಿಂದ ಟಾರ್ಚ್ ಬಿಟ್ಟಾಗ ಒಳಗೆ ಕೆಪಾಸಿಟರ್‌ಗಳ ತಲೆ ಉಬ್ಬಿದ್ದು ಕಂಡಿತು. ಅದನ್ನು ನೀವು ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ತಮ್ಮ ಬೆಂಚಿನ ಮೇಲಿದ್ದ ಸಪ್ಲೈ ಹಚ್ಚಿ ಅದೇ ಕೆಲಸ ಓಡಿಸಿದರು, ರೀಸ್ಟಾರ್ಟ್ ಇಲ್ಲ. ಆಮೇಲೆಯೇ ಹೊಸದು ತೊಗೋರಿ ಅಂದದ್ದು. 700 ರೂಪಾಯಿಯದ್ದೂ ಅವರ ಹತ್ತಿರ ಇತ್ತು, ಬೇಡ ಅಂದರು. 80 ಪ್ಲಸ್ (ಕರೆಂಟ್ ಪೋಲು ಕಡಿಮೆ ಅನ್ನುವ) ಗುರುತಿನದ್ದು, ಮೂರು ವರ್ಷದ ವಾರಂಟಿ, 2,300.

ಕೊನೆಗೆ ಡ್ರೈವರ್. ವಿಂಡೋಸ್ ಅಪ್‌ಡೇಟ್ ತಾನೇ ತಂದು ಹಾಕಿದ್ದ ಡ್ರೈವರ್ ಮೇಲೆ ಶೋರೂಮಿನವರು ಇನ್ನೊಂದು ಹಾಕಿದ್ದರು. ಸೇಫ್ ಮೋಡ್‌ಗೆ ಹೋಗಿ ಡಿಡಿಯು ಅನ್ನುವ ಸಾಫ್ಟ್‌ವೇರ್‌ನಿಂದ ಎರಡನ್ನೂ ಬುಡಸಮೇತ ತೆಗೆದರು. ನೆಟ್ ಕೇಬಲ್ ಮೊದಲೇ ಕಿತ್ತಿದ್ದರು, ಇಲ್ಲದಿದ್ದರೆ ವಿಂಡೋಸ್ ಮತ್ತೆ ಹಳೇದನ್ನೇ ತಂದು ಹಾಕುತ್ತದೆ. ಜಿಟಿ 710 ಕೆಪ್ಲರ್ ಪೀಳಿಗೆಯ ಕಾರ್ಡು. ಇದಕ್ಕೆ 470 ಸಾಲಿನ ಡ್ರೈವರೇ ಕೊನೆ. 2021ರ ನಂತರ ಬರೀ ಸೆಕ್ಯೂರಿಟಿ ತಿದ್ದುಪಡಿ ಬರುತ್ತಿದ್ದವು, 2024ಕ್ಕೆ ಅದೂ ಮುಗಿಯಿತು. ಹಾಗಾಗಿ ಹೊಸ ಡ್ರೈವರ್ ಹುಡುಕುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ಬ್ರೌಸರ್‌ನ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್, ಅಂದರೆ ಬ್ರೌಸರ್ ತನ್ನ ಕೆಲಸವನ್ನು ಕಾರ್ಡಿನ ಮೇಲೆ ಹಾಕುವುದನ್ನೂ ಬಂದ್ ಮಾಡಿಕೊಟ್ಟರು. ಹಳೇ ಕಾರ್ಡಿನವರು ಇದೊಂದನ್ನು ಮನೆಯಲ್ಲೇ ಮಾಡಿ ನೋಡಬಹುದು, ವಿಡಿಯೊ ನೋಡುವಾಗ ಮಾತ್ರ ಸ್ಕ್ರೀನ್ ಹೋಗುತ್ತಿದ್ದರೆ ಎಷ್ಟೋ ಸಲ ಇದರಿಂದಲೇ ನಿಲ್ಲುತ್ತದೆ.

ವಿಂಡೋಸ್ 10ರ ಬಗ್ಗೆಯೂ ನೇರ ಹೇಳಿದರು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ಮುಗಿದಿದೆ. ನನ್ನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ, ಇವರು ಹಾಕುವುದಿಲ್ಲ. ಲಿನಕ್ಸ್ ಹಾಕಲಾ ಅಂದರು. ಕೋರೆಲ್ ಮತ್ತು ನುಡಿ ಬಿಟ್ಟು ನನ್ನ ಅಂಗಡಿ ನಡೆಯುವುದಿಲ್ಲ ಅಂದೆ. ಹಾಗಿದ್ದರೆ ಈ ಮಷಿನ್‌ನಲ್ಲಿ ಬ್ಯಾಂಕಿನ ಕೆಲಸ, ಮೇಲ್ ಬೇಡ, ಬರೀ ಡಿಸೈನ್ ಇರಲಿ ಅನ್ನುವುದು ಅವರ ಸಲಹೆ. ಗಿರಾಕಿಗಳು ತರುವ ಪೆನ್‌ಡ್ರೈವ್ ಬಗ್ಗೆ ಒಂದು ಸಣ್ಣ ಭಾಷಣವೂ ಆಯಿತು. ಭಾಯ್‌ಗೆ ಭಾಷಣದ ಚಟ ಇದೆ, ಹೋಗುವವರಿಗೆ ತಿಳಿದಿರಲಿ.

ಬಿಲ್ಲು ಹೀಗೆ: ನೋಡುವ ಚಾರ್ಜು 300, ಸಪ್ಲೈ 2,300, ಕ್ಲೀನಿಂಗ್ ಮತ್ತು ಪೇಸ್ಟ್ 250, ಫ್ಯಾನ್ 150, ಬೋರ್ಡಿನ ಸಿಆರ್2032 ಸೆಲ್ 40. ಒಟ್ಟು 3,040 ಆಗಿ 3,000 ತೊಗೊಂಡರು. ಸಪ್ಲೈಗೆ ಕಂಪನಿ ಬಿಲ್ಲು ಕೊಟ್ಟರು. ಉಳಿದದ್ದಕ್ಕೆ ಆ ಹಾಳೆಯೇ ಬಿಲ್ಲು. ಪಕ್ಕಾ ಬಿಲ್ಲು ಬೇಕಾದ ಆಫೀಸಿನವರಿಗೆ ಇದು ತೊಂದರೆಯೇ.

ನನಗೆ ಹಿಡಿಸದ್ದು ಇನ್ನೂ ಇದೆ. ಮಷಿನ್ ರೆಡಿ ಆಗಿದೆ ಅಂತ ಅವರಾಗಿ ಹೇಳಿ ಕಳಿಸುವುದಿಲ್ಲ. ಫೋನ್ ಎತ್ತದೆ ಇರುವುದರಿಂದ ಸುಮ್ನೆ ಹೋಗಿ ಬರಬೇಕು. ಸೂಪರ್ ಮಾರ್ಕೆಟ್ ಕಡೆ ಗಾಡಿ ನಿಲ್ಲಿಸುವ ಪಾಡು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಸೀಸನ್‌ನಲ್ಲಿ ಬದಲಿಗೆ ಒಂದು ಮಷಿನ್ ಕೊಡಿ ಅಂದರೆ ಕೊಡಲಿಲ್ಲ, ಅಕ್ಕಪಕ್ಕದವರ ಲ್ಯಾಪ್‌ಟಾಪ್ ಬೇಡಿ ಕೆಲಸ ಮಾಡಿದೆ. ಕ್ಯಾಬಿನೆಟ್ ಪಕ್ಕದ ಬಾಗಿಲಿಗೆ ನಾಲ್ಕು ಸ್ಕ್ರೂ ಇದ್ದವು, ವಾಪಸ್ ಬಂದಾಗ ಎರಡು. ಕೇಳಿದರೆ "ಮತ್ತ ಬಿಚ್ಚೋದು ಸುಲಭ ಆಗ್ತದಲ್ರಿ" ಅಂದರು.

ಆದರೆ ಆಮೇಲೆ ನಡೆದದ್ದಕ್ಕೆ ಈ ಸಿಟ್ಟೆಲ್ಲ ಇಳಿಯಿತು. ಮಷಿನ್ ನನ್ನ ಅಂಗಡಿಗೆ ಬಂದ ಮೇಲೆ ಕ್ರ್ಯಾಶ್ ಇಲ್ಲ, ಗೆರೆ ಇಲ್ಲ. ಎದುರಿನ ಎರಡನೇ ಮಾನಿಟರ್ ಮಾತ್ರ ಆಗಾಗ ಮಿಣುಕುತ್ತಿತ್ತು. ಅವರ ಬೆಂಚಿನ ಮೇಲೆ ಎರಡು ಮಾನಿಟರ್ ಹಚ್ಚಿದಾಗ ಹಾಗೆ ಆಗಿರಲಿಲ್ಲ. ಹೋಗಿ ಹೇಳಿದೆ. ಕೇಬಲ್ ಬದಲಿಸಿ ಅಂತ ಹೇಳಿ ಕಳಿಸುತ್ತಾರೆ ಅಂದುಕೊಂಡಿದ್ದೆ. "ಕ್ಯಾಬಿನೆಟ್ ಮುಟ್ಟಿದರ ಜುಮ್ ಅಂತದೇನ್ರಿ?" ಅಂತ ಕೇಳಿದರು. ಅಂತದ ಅಂದೆ. ಚಪ್ಪಲಿ ಇಲ್ಲದೆ ಮುಟ್ಟಿದರೆ ಬೆರಳಿಗೆ ಇರುವೆ ಕಚ್ಚಿದಂತೆ ಆಗುವುದು ಎಷ್ಟೋ ದಿನದಿಂದ ಇತ್ತು. ಹಳೇ ಕಂಪ್ಯೂಟರ್ ಅಂದರೆ ಹಾಗೇ ಅಂತ ಎಲ್ಲರೂ ಹೇಳುತ್ತಿದ್ದರು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಸ್ಕೂಟರ್ ಮೇಲೆ ಬಂದರು. ಸಾಕೆಟ್‌ನಲ್ಲಿ ಮೀಟರ್ ಇಟ್ಟು ನೋಡಿದರೆ ಮೂರನೇ ಪಿನ್ನಿಗೆ ಅರ್ಥಿಂಗೇ ಬರುತ್ತಿಲ್ಲ. ಕ್ಯಾಬಿನೆಟ್ ಮತ್ತು ನ್ಯೂಟ್ರಲ್ ನಡುವೆ ನೂರಕ್ಕೂ ಜಾಸ್ತಿ ವೋಲ್ಟ್ ತೋರಿಸಿತು. ನಾನು ಹೌಹಾರಿದೆ. ಸಪ್ಲೈ ಒಳಗೆ ಕರೆಂಟಿನ ಗದ್ದಲ ಸೋಸಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಅವು ಕ್ಯಾಬಿನೆಟ್ ಮೂಲಕ ಅರ್ಥಿಗೆ ಸೇರಬೇಕು. ಅರ್ಥಿಂಗ್ ಇಲ್ಲದಿದ್ದರೆ 230ರ ಸುಮಾರು ಅರ್ಧ ವೋಲ್ಟ್ ಕ್ಯಾಬಿನೆಟ್ ಮೇಲೇ ನಿಂತುಬಿಡುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ ಆದ್ದರಿಂದ ಜುಮ್ ಅನ್ನುತ್ತದೆ ಅಷ್ಟೇ. ಆದರೆ ಸಪ್ಲೈ ಒಳಗೆ ನಿಜವಾದ ಶಾರ್ಟ್ ಆದ ದಿನ ಕಾಪಾಡಬೇಕಾದದ್ದೂ ಅದೇ ಅರ್ಥಿಂಗ್. ಎರಡನೇ ಮಾನಿಟರ್ ಬೇರೆ ಗೋಡೆಯ ಸಾಕೆಟ್‌ನಲ್ಲಿತ್ತು. ಮಷಿನ್ ಮತ್ತು ಮಾನಿಟರ್ ಎರಡನ್ನೂ ಒಂದೇ ಸ್ವಿಚ್ ಬೋರ್ಡಿಗೆ ಹಚ್ಚಿ ಅಂದರು.

ಮರುದಿನ ಎಲೆಕ್ಟ್ರಿಷಿಯನ್ ಬಂದು ನೋಡಿದ. ಸ್ವಿಚ್ ಬೋರ್ಡಿನ ಹಿಂದೆ ಅರ್ಥ್ ವೈರ್ ಕಳಚಿ ಬಿದ್ದಿತ್ತು. ಹೊರಗಿನ ಅರ್ಥಿಂಗ್ ಗುಂಡಿಯೂ ಬೇಸಿಗೆಗೆ ಒಣಗಿ, ಕರಿಮಣ್ಣು ಬಿರಿದು ಪೈಪಿನಿಂದ ದೂರ ಸರಿದಿತ್ತು. ವೈರ್ ಸೇರಿಸಿ, ಗುಂಡಿಗೆ ನೀರು ಹೊಯ್ದ ಮೇಲೆ ಮಿಣುಕುವುದು ನಿಂತಿತು, ಜುಮ್ ಅನ್ನುವುದೂ ನಿಂತಿತು. ಈಗ ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಆ ಗುಂಡಿಗೂ ಒಂದು ಕೊಡ ಹಾಕುತ್ತೇನೆ. ನನ್ನ ಅಂಗಡಿಗೆ ಬಂದದ್ದಕ್ಕೆ ಭಾಯ್ ತೊಗೊಂಡದ್ದು 200. ಚಹಾ ಕುಡಿದು, ಕೋರೆಲ್‌ನಲ್ಲಿ ಆಟೋ ಬ್ಯಾಕಪ್ ಐದು ನಿಮಿಷಕ್ಕೆ ಇಟ್ಟು ಹೋದರು.

ಇನ್ನು ಹೋಗುವವರಿಗೆ. ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ, ಚಿಪ್ ಬದಲಿಸುವ ಕೆಲಸವೂ ಇಲ್ಲ. ಮಾನಿಟರ್ ಹೊತ್ತು ತರಬೇಡಿ, ಗೆರೆ ಬಂದಾಗಿನ ಸ್ಕ್ರೀನ್‌ಶಾಟ್ ಮತ್ತು ಮೊಬೈಲ್‌ನಲ್ಲಿ ಹೊಡೆದ ಸ್ಕ್ರೀನಿನ ಫೋಟೋ ಎರಡೂ ತನ್ನಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರೂ ಇವರ ಹತ್ತಿರ ತೋರಿಸಿಕೊಳ್ಳಬಹುದು. ಹಳೇ ಕಾರ್ಡಿನ ಬಯಾಸ್ (ಕಾರ್ಡಿನ ಗುರುತು ಹೇಳುವ ಒಳಗಿನ ಸಾಫ್ಟ್‌ವೇರ್) ತಿದ್ದಿ, ಅದಕ್ಕಿಂತ ಮೇಲಿನ 1050 ಟಿಐ ಕಾರ್ಡು ಅಂತ ಮಾರುವ ನಕಲಿಗಳು ಓಡಾಡುತ್ತಿವೆ, ಜಿಪಿಯು-ಝಡ್ ಅಂಥ ಎಷ್ಟೋ ಕಾರ್ಡುಗಳನ್ನು ಹಿಡಿದು ಹೆಸರಿನ ಮುಂದೆ ಫೇಕ್ ಅಂತಲೇ ತೋರಿಸುತ್ತದೆ. ನಾನಿದ್ದಾಗಲೇ ಒಬ್ಬ ಹುಡುಗ ಅಂಥದ್ದೊಂದು ತಂದಿದ್ದ. ಅವನಿಂದ ಭಾಯ್ ನೋಡುವ ಚಾರ್ಜು ತೊಗೊಳ್ಳಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಇನ್ನೊಂದು ಅವರು ಫೋನ್ ಎತ್ತಿದ ದಿನ.